ತಿರುಗದ ಡಯಲ್

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಅಕ್ಕನಿಗೆ ಮೂರೂವರೆಗೆ ಬಿ.ಪಿ. ಮಾತ್ರೆ ಕೊಡಬೇಕಿತ್ತು, ಇನ್ನೂ ಹೊತ್ತಿದೆಯಾ ಎಂದು ಅಮ್ಮ ಗೋಡೆ ಗಡಿಯಾರ ನೋಡಿದ್ದಳು. ಹಾಗಾಗಿ ಆ ಗಳಿಗೆ ಅವಳಿಗೆ ಇವತ್ತಿಗೂ ನೆನಪಿದೆ. ಅವಳಿಂದ ಕೇಳಿ ಕೇಳಿ ನನಗೂ ಬಾಯಿಪಾಠವಾಗಿದೆ. ಆಗಲೇ ಒಳಗಿನ ಕೋಣೆಯಿಂದ ಅಕ್ಕ ಕೂಗಿದ್ದು.

"ಅಮ್ಮಾ, ಕಣ್ಣು ಮುಂದೆ ಏನೋ ಮಿಂಚ್ದಂಗೆ ಆಗ್ತಿದೆ. ತಲೆ ಸಿಡೀತಿದೆ. ಅವಳಿಗೆ ಫೋನ್ ಮಾಡು."

ಅವಳು ಎಂದರೆ ನಾನು. ಬಿ.ಎ. ಮುಗಿಸಿ ಶಿವಾಜಿನಗರದ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಸಣ್ಣ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತಿದ್ದೆ. ಮನೆ ಹಲಸೂರಿನ ಒಂದು ಓಣಿಯಲ್ಲಿ. ತೊಂಬತ್ತರ ದಶಕದ ನಡುವಿನ ಮಾತು ಇದು. ಅಕ್ಕ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಕೈಕಾಲು ಊದಿಕೊಂಡಿದ್ದವು. "ತಲೆನೋವು ಜೋರಾದರೆ, ಕಣ್ಣಿಗೆ ಮಿಂಚು ಹೊಡೆದ ಹಾಗಾದರೆ ಕಾಯಬೇಡಿ, ತಕ್ಷಣ ಕರ್ಕೊಂಡು ಬನ್ನಿ" ಎಂದು ಡಾಕ್ಟರು ಅಮ್ಮನಿಗೂ ನನಗೂ ಬಿಡಿಸಿ ಹೇಳಿದ್ದರು. ನಮ್ಮ ಓಣಿಗೆ ಮಧ್ಯಾಹ್ನದ ಹೊತ್ತು ಆಟೋ ಬರುವುದು ಅಪರೂಪ. ನಮ್ಮ ಆಫೀಸಿನ ಮುಂದೆಯೇ ಆಟೋ ಸ್ಟ್ಯಾಂಡ್. ಅಮ್ಮ ಫೋನ್ ಮಾಡಿದರೆ ಸಾಕು, ನಾನು ಆಟೋ ಹತ್ತಿ ಬರುವುದು ಎಂದು ಮಾತಾಗಿತ್ತು. ಇದರಲ್ಲಿ ತಪ್ಪುವಂಥದ್ದು ಏನಿತ್ತು ಹೇಳಿ?

ಅಮ್ಮ ಓಡಿ ಹೋಗಿ ರಿಸೀವರ್ ಎತ್ತಿದಳು. ಡಯಲಿನ ತೂತಿಗೆ ಬೆರಳಿಟ್ಟು ತಿರುಗಿಸಿದಳು. ಡಯಲ್ ತಿರುಗಲಿಲ್ಲ.

ಆ ಫೋನಿನ ವಿಷಯ ಹೇಳಲೇಬೇಕು. ಹೇಳುವಾಗ ಈಗಲೂ ಮೈ ಉರಿಯುತ್ತದೆ. ಐದು ದಿನದ ಹಿಂದೆ, ಅಕ್ಕನ ಸೀಮಂತದ ದಿನ, ಭಾವ ಅದನ್ನು ಉಡುಗೊರೆ ಎಂದು ತಂದಿದ್ದರು. ಶಿವಾಜಿನಗರದ ಫಾರಿನ್ ಸಾಮಾನಿನ ಅಂಗಡಿಯದು. ಚಿನ್ನದ ಬಣ್ಣ ಬಳಿದ ಪ್ಲಾಸ್ಟಿಕ್ಕು. ನಾಲ್ಕು ಮೂಲೆಗೆ ಸಿಂಹದ ಪಾದ, ರಿಸೀವರ್ ಕೂರಿಸಲು ಜಿಂಕೆ ಕೊಂಬಿನಂಥ ಎರಡು ಕೈ, ಮೈ ತುಂಬ ಬಳ್ಳಿ. ಮುಂದೆ ಹಳೇ ಕಾಲದ ದುಂಡು ಡಯಲ್, ಹತ್ತು ತೂತು. ಆದರೆ ಆ ಡಯಲ್ ಬರೀ ವೇಷ. ಪ್ರತಿ ತೂತಿನ ತಳದಲ್ಲಿ ಒಂದೊಂದು ಬಟನ್, ಬಟನ್ ಮೇಲೆ ಸೊಟ್ಟ ಸೊಟ್ಟ ಅಂಕಿ, ಚಿನ್ನದ ಮೇಲೆ ಚಿನ್ನದ್ದೇ ಅಂಕಿ.

"ನೋಡೋಕೆ ಡಯಲ್, ಒತ್ತೋದು ಬಟನ್! ಹೆಂಗಿದೆ ಐಡಿಯಾ?" ಎಂದು ಭಾವ ಬಂದವರಿಗೆಲ್ಲ ತೋರಿಸಿದರು. ಬಂದವರೆಲ್ಲ, "ಎಷ್ಟು ಗ್ರ್ಯಾಂಡ್ ಆಗಿದೆಯಪ್ಪಾ!" ಎಂದರು. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಯಾರೂ ತೋರಿಸಲಿಲ್ಲ.

ಅಲ್ಲಿಯವರೆಗೆ ನಮ್ಮ ಮನೆಯಲ್ಲಿದ್ದದ್ದು ಇಲಾಖೆಯವರು ಕೊಟ್ಟ ಕಪ್ಪು ಫೋನು. ಅಪ್ಪ ಅರ್ಜಿ ಹಾಕಿ ವರ್ಷಗಟ್ಟಲೆ ಕಾದು ಹಾಕಿಸಿದ್ದು. ಅದರ ಮೇಲೆ ಬೇಡದ ಒಂದು ಗೆರೆಯೂ ಇರಲಿಲ್ಲ. ಬಿಳಿ ತಟ್ಟೆಯ ಮೇಲೆ ಕಪ್ಪು ಅಂಕಿ, ಅದರ ಮೇಲೆ ತೂತಿನ ಚಕ್ರ. ತೂತು ಕಂಡರೆ ಬೆರಳು ತಾನಾಗಿ ಹೋಗುತ್ತದೆ, ಬೆರಳು ಹೋದರೆ ಚಕ್ರ ತಿರುಗುತ್ತದೆ, ಬಿಟ್ಟರೆ ಕರಕರ ಎಂದು ವಾಪಸ್ಸು ಬರುತ್ತದೆ. ರಿಸೀವರ್ ಕೂರಲು ಒಂದೇ ಜಾಗ, ಕೂತರೆ ಕಟ್ ಎಂದು ಸದ್ದು. ಅಮ್ಮ ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ನಮ್ಮ ಆಫೀಸಿನ ನಂಬರು ಅವಳಿಗೆ ಬಾಯಲ್ಲಿ ಹೇಳಲು ಬರುತ್ತಿರಲಿಲ್ಲ, ಬೆರಳಿಗೆ ಬರುತ್ತಿತ್ತು. ಮೊದಲು ಅರ್ಧ ಸುತ್ತು, ಆಮೇಲೆ ಪೂರ್ತಿ, ಆಮೇಲೆ ಎರಡು ಚಿಕ್ಕದು, ಹೀಗೆ. ಭಾವ ಆ ಫೋನಿನ ವೈರು ಕಿತ್ತು, ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. "ಬೋಳು ಡಬ್ಬ" ಎಂದು ಅದಕ್ಕೊಂದು ಹೆಸರೂ ಇಟ್ಟರು.

ಬೋಳು. ಈ ಮಾತನ್ನು ನಮ್ಮ ಮನೆಯಲ್ಲಿ ಬೇಕಾದಷ್ಟು ಕೇಳಿದ್ದೇನೆ. ಅಪ್ಪ ತೀರಿಕೊಂಡ ಮೇಲೆ ಅವರ ಕೈಗಡಿಯಾರ ನಾನು ಕಟ್ಟಿಕೊಳ್ಳುತ್ತಿದ್ದೆ. ಬಿಳಿ ಮುಖ, ಕಪ್ಪು ಮುಳ್ಳು, ತೆಳ್ಳನೆ ಸೆಕೆಂಡ್ ಮುಳ್ಳು, ಕಂದು ಚರ್ಮದ ಪಟ್ಟಿ. ತಾರೀಖಿಲ್ಲ, ಹೊಳೆಯುವ ಕಲ್ಲಿಲ್ಲ. ಕಣ್ಣು ಹಾಕಿದರೆ ಗಂಟೆ ಗೊತ್ತಾಗುತ್ತದೆ, ಕಣ್ಣು ತೆಗೆದರೆ ಮರೆತುಹೋಗುತ್ತದೆ. ನನಗೆ ಅದಕ್ಕಿಂತ ಚೆಂದದ ಒಡವೆ ಆಗಲೂ ಕಂಡಿರಲಿಲ್ಲ, ಈಗಲೂ ಕಂಡಿಲ್ಲ. ಅಪ್ಪನ ಅಕ್ಕ, ನಮ್ಮ ಸೋದರತ್ತೆ, ಕಂಡಾಗಲೆಲ್ಲ ಗೊಣಗುತ್ತಿದ್ದರು: "ಗಂಡಸರ ವಾಚು ಕಟ್ಕೊಂಡು ಬೋಳು ಕೈಯಲ್ಲಿ ಓಡಾಡ್ತೀಯಲ್ಲೇ. ನಿಮ್ಮಮ್ಮನ ಕೈ ಹಂಗಿರೋದು ಸಾಲ್ದಾ?"

ಅಮ್ಮನ ಕೈ ಹಾಗಿದ್ದದ್ದು ಅವಳ ಇಷ್ಟದಿಂದಲ್ಲ. ಅಪ್ಪ ಹೋದ ಹತ್ತನೇ ದಿನ ಅವಳ ಬಳೆ ಒಡೆಸಿದವರು ಇದೇ ಅತ್ತೆ. ಸ್ವಂತ ಮಗಳ ಸೀಮಂತದಲ್ಲಿ ಅವಳು ಅಡುಗೆಮನೆ ಬಾಗಿಲಲ್ಲಿ ನಿಂತದ್ದೂ ಅದಕ್ಕೇ. ಬಳೆ ತೊಡಿಸುವ ಶಾಸ್ತ್ರವನ್ನೆಲ್ಲ ಅತ್ತೆಯೇ ನಿಂತು ನಡೆಸಿದರು. ಅಕ್ಕನ ಎರಡೂ ಕೈಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಹಸಿರು ಗಾಜಿನ ಬಳೆ, ನಡುನಡುವೆ ಜರಿಬಳೆ. ಊದಿದ ಕೈ ಅದು, ಬಳೆಗಾರ ಎಣ್ಣೆ ಸವರಿ ಹಿಂಡಿ ಹಿಂಡಿ ಏರಿಸಿದ್ದ. ಎರಡನೇ ದಿನಕ್ಕೇ ಅಕ್ಕ, "ಅತ್ತೆ, ತುಂಬ ಬಿಗೀತಿದೆ, ಸ್ವಲ್ಪ ತೆಗೀತೀನಿ" ಎಂದಳು.

"ಛೀ, ಬಸುರಿ ಕೈ ಖಾಲಿ ಮಾಡ್ಕೋತಾರಾ? ಹೆರಿಗೆ ಆಗೋವರೆಗೂ ಇರ್ಬೇಕು. ಆಮೇಲೆ ಹೆರಿಗೆ ಮಾಡಿಸ್ದೋರಿಗೆ ಕೊಡೋದು."

ಬೇಡವೆಂದವಳ ಕೈಗೆ ತುಂಬಿದರು, ಬೇಕೆಂದವಳ ಕೈ ಖಾಲಿ ಮಾಡಿದರು. ನಾನು ಒಬ್ಬಳು ಇಷ್ಟಪಟ್ಟು ಸರಳವಾಗಿದ್ದರೆ ಅದು ಅಪಶಕುನ.

ಮತ್ತೆ ಆ ಮೂರು ಇಪ್ಪತ್ತಕ್ಕೆ ಬರುತ್ತೇನೆ. ಡಯಲ್ ತಿರುಗದೆ ಅಮ್ಮ ಗಾಬರಿಯಾದಳು. ಐದು ದಿನದಲ್ಲಿ ಅವಳು ಆ ಫೋನಿನಲ್ಲಿ ಬಂದ ಕರೆ ತೆಗೆದುಕೊಂಡಿದ್ದಳೇ ಹೊರತು ತಾನಾಗಿ ಯಾರಿಗೂ ಮಾಡಿರಲಿಲ್ಲ. ಸೀಮಂತಕ್ಕೆ ಬಂದು ನಮ್ಮಲ್ಲೇ ಉಳಿದಿದ್ದ ಅತ್ತೆ, ಊಟ ಮುಗಿಸಿ ಮಲಗಿದ್ದವರು, ಎದ್ದು ಬಂದರು.

"ಜೋರಾಗಿ ತಿರುಗ್ಸೇ. ಹೊಸದು, ಬಿಗಿ ಇರತ್ತೆ."

"ಬರ್ತಿಲ್ಲ ಅತ್ತಿಗೆ."

"ಎಲ್ಲಿ, ನಾನು ನೋಡ್ತೀನಿ. ನಿನ್ ಕೈಲಿ ಜೀವಾನೇ ಇಲ್ಲ."

ಇಬ್ಬರೂ ಸೇರಿ ಆ ಸುಳ್ಳು ಚಕ್ರವನ್ನು ತಿರುವಿದರು. ಅಮ್ಮನ ತೋರುಬೆರಳಿನ ಉಗುರು ಬುಡದಿಂದ ಎದ್ದಿತು. ಅಷ್ಟರಲ್ಲಿ ಒಳಗೆ ಧಪ್ಪೆಂದು ಸದ್ದು. ಅಕ್ಕ ಮಂಚದಿಂದ ಕೆಳಗೆ ಬಿದ್ದು ಕೈಕಾಲು ಸೆಟೆದುಕೊಂಡು ಅದುರುತ್ತಿದ್ದಳು. ಅತ್ತೆ "ದೃಷ್ಟಿ ತಾಗಿದೆ" ಎಂದು ಒಣಮೆಣಸಿನಕಾಯಿಗೆ ಅಡುಗೆಮನೆಗೆ ಓಡಿದರು. ಅಮ್ಮ ಬರಿಗಾಲಲ್ಲಿ ಮುಖ್ಯರಸ್ತೆಯ ಎಸ್‌.ಟಿ.ಡಿ. ಬೂತಿಗೆ ಓಡಿದಳು. ನಂಬರು ಹೇಳಲು ಬಾಯಿಗೆ ಬರಲಿಲ್ಲ. ಗಾಜಿನ ಮೇಜಿನ ಮೇಲೆ ಬೆರಳಿಂದ ಸುತ್ತು ಹಾಕಿ ಹಾಕಿ ತೋರಿಸಿದಳಂತೆ. ಕೊನೆಗೆ ಬೂತಿನವರು ಆಫೀಸಿನ ಹೆಸರು ಕೇಳಿ ಡೈರೆಕ್ಟರಿ ತಿರುವಿ ನಂಬರು ಹುಡುಕಿ ಕೊಟ್ಟರು. ಆ ಹೊತ್ತೆಲ್ಲ ಅಕ್ಕ ನೆಲದ ಮೇಲೆ ಬಿದ್ದಿದ್ದಳು. ಅದನ್ನು ನೆನೆದಾಗ ನನಗೆ ಇವತ್ತಿಗೂ ಕೂತಲ್ಲಿ ಕೂರಲು ಆಗುವುದಿಲ್ಲ.

ನಾನು ಆಟೋದಲ್ಲಿ ಬಂದು ಇಳಿದಾಗ ಮನೆ ತುಂಬ ಮೆಣಸಿನಕಾಯಿ ಘಾಟು. ಚಿನ್ನದ ರಿಸೀವರ್ ಮೇಜಿನಿಂದ ಕೆಳಗೆ ನೇತಾಡುತ್ತಿತ್ತು. ಡಯಲಿನ ಒಂದು ತೂತಿನ ಅಂಚಿಗೆ ರಕ್ತ. ಅಕ್ಕನ ಬಾಯಿಯ ಅಂಚಲ್ಲಿ ನೊರೆ, ನಾಲಿಗೆ ಕಚ್ಚಿಕೊಂಡಿದ್ದಳು. ಆಟೋದವರೇ ಒಳಗೆ ಬಂದು ಅವಳನ್ನು ಎತ್ತಲು ಕೈ ಹಾಕಿದರು. "ಹೆದರ್ಬೇಡಿ ಮೇಡಂ, ಸಿಗ್ನಲ್ಲು ಗಿಗ್ನಲ್ಲು ಏನೂ ನೋಡಲ್ಲ ನಾನು" ಎಂದರು. ನೋಡಲೂ ಇಲ್ಲ. ಅಮ್ಮ, ಅತ್ತೆ ಇಬ್ಬರೂ ಅದೇ ಆಟೋದಲ್ಲಿ ಇರುಕಿಕೊಂಡು ಕೂತಿದ್ದರು. ಕೆರೆ ದಾಟಿ ಫ್ರೇಜರ್ ಟೌನಿನ ಕಡೆ ತಿರುಗುವಾಗ ಅಕ್ಕನಿಗೆ ಎರಡನೇ ಸಲ ಫಿಟ್ಸ್ ಬಂತು. ನನ್ನ ತೊಡೆಯ ಮೇಲೆ ಅವಳ ತಲೆ. ಬಳೆಗಳೆಲ್ಲ ಒಟ್ಟಿಗೆ ಗಿಲಗಿಲ ಎಂದು ಅದುರುತ್ತಿದ್ದವು. ಏನು ಮಾಡಬೇಕೆಂದು ತೋಚದೆ ನಾನು ಅಪ್ಪನ ವಾಚು ನೋಡಿದೆ. ನೋಡುತ್ತಲೇ ಇದ್ದೆ. ಆಟೋ ಕುಣಿಯುತ್ತಿತ್ತು, ಆದರೂ ಆ ಬಿಳಿ ಮುಖದ ಮೇಲೆ ಕಪ್ಪು ಮುಳ್ಳು ಎಲ್ಲಿದೆ ಎನ್ನುವುದರಲ್ಲಿ ಒಂದಿಷ್ಟೂ ಗೊಂದಲವಿರಲಿಲ್ಲ.

ನರ್ಸಿಂಗ್ ಹೋಮಿನ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, "ಫಿಟ್ಸ್ ಎಷ್ಟು ಹೊತ್ತಿತ್ತು?"

"ಮನೇಲಿ ಬಂದಿದ್ದು ಗೊತ್ತಿಲ್ಲ. ದಾರೀಲಿ ಬಂದಿದ್ದು ಒಂದೂಮುಕ್ಕಾಲು ನಿಮಿಷ" ಎಂದೆ. ಅವರು ನನ್ನ ಮುಖ ನೋಡಿ, ವಾಚು ನೋಡಿ, ತಲೆಯಾಡಿಸಿ, ಔಷಧಿಯ ಹೆಸರು ಕೂಗಿದರು.

ಔಷಧಿ ಬಂತು. ಸೂಜಿ ಚುಚ್ಚಲು ಜಾಗವಿರಲಿಲ್ಲ.

ನರ್ಸು ವಯಸ್ಸಾದವರು, ತಮಿಳಿನ ರಾಗದಲ್ಲಿ ಕನ್ನಡ ಆಡುವವರು. ಅಕ್ಕನ ತೋಳು ಹಿಡಿದು ಆ ಕಡೆ ಈ ಕಡೆ ತಿರುಗಿಸಿ, "ಏನಮ್ಮಾ ಇದು, ಕೈಯಾ ಬಳೆ ಅಂಗಡಿಯಾ? ಊದಿರೋ ಕೈಯಲ್ಲಿ ನರ ಎಲ್ಲಿ ಹುಡುಕ್ಲಿ ನಾನು?" ಎಂದರು. ಬಳೆಗಳು ಮಾಂಸದೊಳಗೆ ಹೂತಿದ್ದವು. ಎಳೆದರೆ ಒಂದೂ ಕದಲಲಿಲ್ಲ. ಅವರು ಬಟ್ಟೆ ಸುತ್ತಿ ಒಡೆಯಲು ಹೋದಾಗ ಅತ್ತೆ ನಡುವೆ ನುಗ್ಗಿ ಅಕ್ಕನ ಕೈ ಹಿಡಿದುಕೊಂಡರು.

"ಅಯ್ಯೋ, ಸೀಮಂತದ ಬಳೆ ಸಿಸ್ಟರ್! ಒಡೀಬಾರ್ದು. ಗಂಡ ಗಟ್ಟಿಮುಟ್ಟಾಗಿರೋವಾಗ ಬಳೆ ಒಡೀತಾರಾ? ಸೋಪು ಕೊಡಿ, ನಾನೇ ಒಂದೊಂದಾಗಿ ಬಿಚ್ತೀನಿ."

"ಸೋಪು ಹಾಕ್ಕೊಂಡು ಕೂತಿದ್ರೆ ಹುಡ್ಗಿ ಹೋಗ್ಬಿಡ್ತಾಳೆ! ಬಿಡಿ ಕೈ. ಹೆರಿಗೆ ಆದ್ಮೇಲೆ ನಂಗೇ ತಾನೇ ಕೊಡೋದು ಈ ಬಳೆ? ಒಡೆದೇ ಕೊಡಿ, ನಂಗೇನೂ ಬೇಜಾರಿಲ್ಲ."

ಅತ್ತೆ ಬಿಡಲಿಲ್ಲ. ಅತ್ತೆ ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಅಳುತ್ತಿದ್ದರು, ಅಕ್ಕನ ಮೇಲೆ ಅವರಿಗೆ ಪ್ರೀತಿಯೂ ಇತ್ತು. ಆದರೆ ಜೀವವಿರುವ ಕೈಗಿಂತ ಅದರ ಮೇಲಿನ ಗಾಜು ಅವರಿಗೆ ದೊಡ್ಡದಾಗಿತ್ತು. ನಾನು ಅವರ ಭುಜ ಹಿಡಿದು ಎಳೆದೆ. ಅವರು ಇನ್ನೂ ಗಟ್ಟಿ ಹಿಡಿದರು.

ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದ ಅಮ್ಮ ಮುಂದೆ ಬಂದಳು. ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಬಿಡಿ ಅತ್ತಿಗೆ. ಒಡೆಯೋದು ಹೆಂಗೆ ಅಂತ ನಂಗೆ ಗೊತ್ತು."

ಸೆರಗನ್ನು ಅಕ್ಕನ ಕೈಗೆ ಎರಡು ಸುತ್ತು ಸುತ್ತಿ, ಮಂಚದ ಕಬ್ಬಿಣದ ಕಂಬಿಗೆ ಒತ್ತಿ ಹಿಡಿದು ಒಂದೇ ಸಲ ಅಮುಕಿದಳು. ಬಟ್ಟೆಯೊಳಗೆ ಗಾಜು ಪುಡಿಯಾಗುವ ಸದ್ದು. ಒಣಗಿದ ಎಲೆಗಳ ಮೇಲೆ ಯಾರೋ ನಡೆದು ಹೋದ ಹಾಗೆ. ಆಮೇಲೆ ಇನ್ನೊಂದು ಕೈ. ಸೆರಗು ಬಿಚ್ಚಿದಾಗ ಹಸಿರು ಚೂರು ಉದುರಿದವು, ಅಕ್ಕನ ಕೈ ತುಂಬ ರಕ್ತದ ಚುಕ್ಕಿ, ಅಮ್ಮನ ಹರಿದ ಉಗುರಿನಿಂದಲೂ ರಕ್ತ. ನರ್ಸು ಆ ಖಾಲಿ ಕೈಯನ್ನು ಒರೆಸಿ, ಮುಂಗೈಯ ಒಳಭಾಗ ತಟ್ಟಿ, ನರ ಹುಡುಕಿ ಸೂಜಿ ಏರಿಸಿದರು. ಅತ್ತೆ ನೆಲಕ್ಕೆ ಕೂತು ಚೂರು ಆಯತೊಡಗಿದರು.

ಸಂಜೆ ಆಪರೇಷನ್ ಮಾಡಿ ಮಗು ತೆಗೆದರು. ಹೆಣ್ಣು, ಅಂಗೈಗಿಂತ ಸ್ವಲ್ಪ ದೊಡ್ಡದು. ಅಕ್ಕನಿಗೆ ಮಾರನೇ ದಿನ ಎಚ್ಚರವಾಯಿತು. ಕಣ್ಣು ಸರಿಯಾಗಿ ಕಾಣಲು ಇನ್ನೂ ಎರಡು ದಿನ ಹಿಡಿಯಿತು. ಇಬ್ಬರೂ ಉಳಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಡಾಕ್ಟರಮ್ಮ ಮಾತು ಅರ್ಧಕ್ಕೇ ನಿಲ್ಲಿಸಿದ್ದರು. ಆ ಉಳಿದರ್ಧವನ್ನು ನಾನು ವಾರಗಟ್ಟಲೆ ಕೇಳಿಸಿಕೊಂಡೆ.

ಆಸ್ಪತ್ರೆಗೆ ಬಂದು ಹೋಗುತ್ತಿದ್ದ ಭಾವ, ಅಕ್ಕ ಮನೆಗೆ ಬಂದ ಮೇಲೆ ಕೆ.ಆರ್. ಪುರಂನಿಂದ ಮಗು ನೋಡಲು ಬಂದರು. ಮೇಜಿನ ಮೇಲೆ ಆ ಚಿನ್ನದ ಪ್ರಾಣಿ ಇನ್ನೂ ಕೂತಿತ್ತು.

"ಫೋನಿಂದೇನೂ ತಪ್ಪಿಲ್ಲಮ್ಮ. ಅತ್ತೆಗೆ ಬಳಸೋಕೆ ಗೊತ್ತಾಗ್ಲಿಲ್ಲ ಅಷ್ಟೇ" ಎಂದರು. ಅವರಿಗೆ ಅತ್ತೆ ಎಂದರೆ ನಮ್ಮಮ್ಮ.

ನನಗೆ ಎಲ್ಲಿತ್ತೋ ಕೋಪ. "ಭಾವ, ಗೋಡೆ ಮೇಲೆ ಬಾಗಿಲು ಅಂತ ಚಿತ್ರ ಬರೆದಿಟ್ಟು, ಮನೆಗೆ ಬೆಂಕಿ ಬಿದ್ದಾಗ ಒಬ್ರು ಓಡ್ಹೋಗಿ ತಲೆ ಒಡ್ಕೊಂಡ್ರೆ, ಅವರಿಗೆ ಬಾಗಿಲು ಬಳಸೋಕೆ ಬರಲ್ಲ ಅಂತೀರಾ ನೀವು?"

"ಅಯ್ಯೋ, ಉಡುಗೊರೆ ಕೊಟ್ಟೋನಿಗೆ ಹಿಂಗಾ ಮಾತಾಡೋದು?"

"ಕೊಟ್ಟಿದ್ದು ಅಮ್ಮನಿಗಾ, ನೋಡೋರಿಗಾ?"

ಅಕ್ಕ ಒಳಗಿನಿಂದ, "ಅದನ್ನ ತಗೊಂಡೋಗ್ರೀ. ಕಂಡ್ರೆ ನಂಗೆ ಭಯ ಆಗತ್ತೆ" ಎಂದಳು. ಆಗ ಭಾವ ಎದ್ದು ವೈರು ಕಿತ್ತರು. ತಾವೇ ಅಟ್ಟ ಹತ್ತಿ ಕಪ್ಪು ಫೋನು ಇಳಿಸಿದರು, ಧೂಳು ಒರೆಸಿದರು, ಜೋಡಿಸಿದರು. ಚಿನ್ನದ್ದು ಕೆ.ಆರ್. ಪುರಂನ ಅವರ ಮನೆಯ ಶೋಕೇಸಿನಲ್ಲಿ ಗೊಂಬೆಗಳ ಪಕ್ಕ ಬಹಳ ವರ್ಷ ಇತ್ತು, ವೈರಿಲ್ಲದೆ. ಅತ್ತೆ ಮಾತ್ರ ಬಳೆ ಒಡೆದದ್ದಕ್ಕೇ ಮಗು ಅಷ್ಟು ಸಣ್ಣದಾಯಿತು ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು. ಬಂದವರು ಬಾಣಂತಿಯ ಖಾಲಿ ಕೈ ನೋಡಿ ಲೊಚಗುಟ್ಟುವರು. ಆ ಕೈಯಲ್ಲಿ ಬಿಸಿ ಇದೆ, ಅದು ಮಗುವನ್ನು ಎತ್ತಿಕೊಂಡಿದೆ ಎಂದು ಒಬ್ಬರಾದರೂ ನೋಡಬಾರದೇ?

ಎರಡು ಸಾವಿರದ ಇಸವಿಯ ನಂತರ ಇಂದಿರಾನಗರದಲ್ಲಿ ಮೊಬೈಲ್ ಕೊಳ್ಳಲು ಹೋದಾಗ ಅಂಗಡಿಯವನು ಮಡಚುವುದು, ಜಾರಿಸುವುದು, ಕಲ್ಲು ಕೂರಿಸಿದ್ದು, ದೀಪ ಕುಣಿಯುವುದು ಎಲ್ಲ ಹರಡಿದ. ನಾನು ಮೂಲೆಯಲ್ಲಿದ್ದ ಬೂದು ಬಣ್ಣದ್ದು ಕೇಳಿದೆ. "ಅದು ಬೇಸಿಕ್ ಮೇಡಂ, ಮನೆ ಕೆಲಸದವರಿಗೆ ಕೊಡ್ಸೋಕೆ ತಗೋತಾರೆ" ಎಂದ. ಆ ಮಾತಿಗೇ ಅದನ್ನು ತೆಗೆದುಕೊಂಡೆ. ಈಚೆಗೆ ಸರಳವಾದದ್ದೂ ಫ್ಯಾಷನ್ ಆಗಿದೆ. ಅದೇ ರಸ್ತೆಯ ಶೋರೂಮಿನಲ್ಲಿ ಹಾಲಿನಂತೆ ಬೆಳ್ಳಗಿರುವ ನೀರು ಕಾಯಿಸುವ ಜಗ್ ನೋಡಿದೆ. ಸ್ವಿಚ್ಚನ್ನು ಅಡಿಯಲ್ಲೆಲ್ಲೋ ಬಚ್ಚಿಟ್ಟಿದ್ದರು, ಹೊತ್ತಿಕೊಂಡಿದೆಯೋ ಇಲ್ಲವೋ ತಿಳಿಸುವ ಕೆಂಪು ದೀಪವನ್ನೂ ತೆಗೆದಿದ್ದರು. ಅದೂ ವೇಷವೇ. ಬೇಡದ್ದನ್ನು ತೆಗೆಯುವುದು ಬೇರೆ, ಬೇಕಾದದ್ದನ್ನು ಮುಚ್ಚಿಡುವುದು ಬೇರೆ. ನಾನು ಯಾವ ವಸ್ತು ಕೊಂಡರೂ ಮನಸ್ಸಿನಲ್ಲೇ ಅಮ್ಮನ ಆ ಮಧ್ಯಾಹ್ನದ ಕೈಗೆ ಅದನ್ನು ಕೊಟ್ಟು ನೋಡುತ್ತೇನೆ. ಹೆದರಿ ನಡುಗುತ್ತಿರುವ ಕೈಗೆ ಇದು ಅರ್ಥವಾಗುತ್ತದೆಯೇ? ಆಗದಿದ್ದರೆ ನಮ್ಮ ಮನೆಗೆ ಬೇಡ.

ಮತ್ತೆ ಆ ದಿನಗಳಿಗೇ ಬರುತ್ತೇನೆ. ಕಪ್ಪು ಫೋನು ವಾಪಸ್ಸು ಬಂದರೂ ನನಗೆ ನಿದ್ದೆ ವಾಪಸ್ಸು ಬರಲಿಲ್ಲ. ಕಣ್ಣು ಮುಚ್ಚಿದರೆ ಸೆರಗಿನೊಳಗಿನ ಸದ್ದು. ಎದ್ದು ಹೋಗಿ ರಿಸೀವರ್ ಎತ್ತಿ ಕಿವಿಗಿಟ್ಟುಕೊಳ್ಳುತ್ತಿದ್ದೆ, ಡಯಲ್ ಟೋನ್ ಇದೆಯಾ ಎಂದು. ಇರುತ್ತಿತ್ತು. ಮತ್ತೆ ಮಲಗಿದರೆ ಮತ್ತೆ ಎಚ್ಚರ. ಅಮ್ಮನದು ಇನ್ನೊಂದು ಥರ. ಅವಳು ಫೋನನ್ನೇ ಮುಟ್ಟುತ್ತಿರಲಿಲ್ಲ. ಅದೇ ಹಳೆಯ ಕಪ್ಪು ಫೋನು, ಅವಳ ಬೆರಳಿಗೆ ಅಷ್ಟು ಗೊತ್ತಿದ್ದದ್ದು. ಆದರೂ ಅದು ಹೊಡೆದುಕೊಂಡರೆ ಅಕ್ಕನನ್ನು ಕರೆಯುತ್ತಿದ್ದಳು. ಯಾರಿಗಾದರೂ ಮಾಡಬೇಕಾದರೆ, "ನೀನೇ ಮಾಡು, ನಂಗೆ ಬರಲ್ಲ" ಎನ್ನುತ್ತಿದ್ದಳು. ಆ ಚಿನ್ನದ ಡಬ್ಬ ಅವಳಿಗೆ ಬರುತ್ತಿದ್ದ ವಿದ್ಯೆಯನ್ನೂ ಕಿತ್ತುಕೊಂಡು ಹೋಗಿತ್ತು. ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಅದಕ್ಕೆ. ಮತ್ತೆ ಅಂಥದ್ದೇ ಒಂದು ಮಧ್ಯಾಹ್ನ ಬಂದರೆ ಗತಿ ಏನು ಎನ್ನುವ ಚಿಂತೆಯೇ ನನಗೆ ನಿದ್ದೆ ಕೆಡಿಸುತ್ತಿತ್ತು.

ಮಗುವಿಗೆ ಮೂರು ತಿಂಗಳು ತುಂಬಿದ ವಾರ. ಆಫೀಸಿನಲ್ಲಿ ಊಟ ಮುಗಿಸಿ ಕೂತಿದ್ದೆ. ಫೋನ್ ಬಂತು, "ನಿಮ್ಗೇ" ಎಂದರು. ಕುರ್ಚಿ ಹಿಂದೆ ತಳ್ಳಿ ಓಡಿ ಹೋಗಿ ತೆಗೆದುಕೊಂಡೆ.

"ನಾನು" ಎಂದಳು ಅಮ್ಮ.

"ಏನಾಯ್ತಮ್ಮ? ಅಕ್ಕ ಹೆಂಗಿದಾಳೆ? ಮಗು?"

"ಎಲ್ಲ ಮಲಗಿದಾರೆ."

"ಮತ್ತೆ ಯಾಕೆ ಮಾಡ್ದೆ? ಯಾರು ತಿರುಗ್ಸಿ ಕೊಟ್ರು?"

"ಯಾರೂ ಇಲ್ಲ. ಸುಮ್ನೆ. ತಿರುಗತ್ತಾ ಅಂತ ನೋಡ್ದೆ. ಉಗುರು ಪೂರ್ತಿ ಬಂದಿದೆ ಕಣೆ" ಎಂದಳು. ಆಮೇಲೆ, "ಬರ್ತಾ ರಸೆಲ್ ಮಾರ್ಕೆಟಲ್ಲಿ ಸಬ್ಬಸಿಗೆ ಸೊಪ್ಪು ಸಿಕ್ಕಿದ್ರೆ ತಗೊಂಬಾ. ಬಾಣಂತಿಗೆ" ಎಂದು ಇಟ್ಟಳು. ಕಟ್ ಎಂದು ಸದ್ದಾಯಿತು.

ಎರಡು ಕಟ್ಟು ಸೊಪ್ಪು ತಂದೆ. ಅವತ್ತು ರಾತ್ರಿ ಮಗು ಮೂರ್ನಾಲ್ಕು ಸಲ ಎದ್ದು ಮನೆ ಹಾರಿಹೋಗುವ ಹಾಗೆ ಅತ್ತಿತಂತೆ. ನನಗೆ ಏನೂ ಗೊತ್ತಾಗಲಿಲ್ಲ. ಬೆಳಗ್ಗೆ ಹಾಲಿನವನು ಬಾಗಿಲು ಬಡಿದಾಗಲೇ ಕಣ್ಣು ಬಿಟ್ಟದ್ದು. ವಾಚು ಕೈಯಲ್ಲೇ ಇತ್ತು. ದಿನಾ ಮಲಗುವಾಗ ಕೀ ಕೊಡುತ್ತಿದ್ದವಳು ಅವತ್ತು ಮರೆತಿದ್ದೆ, ನಿಂತುಹೋಗಿತ್ತು.